ನಮ್ಮ ಮನೆಯ ಕರಿ ಫೋನು

ಯಾರದೇ ಮನೆಗೆ ಹೋದರೂ ಷೋಕೇಸಿನಲ್ಲಿ ಹಳೆಯ ಡಯಲ್ ಫೋನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಚಹಾ ಬರುವುದರೊಳಗೆ ಅದನ್ನು ಬೋರಲು ಹಾಕಿ, ತಳದ ತಗಡು ನೋಡಿ, ರಿಸೀವರಿನ ಮುಚ್ಚಳ ತಿರುವಿ, "ಮೈ ಒಂದು ಕಾರ್ಖಾನಿದು, ಡಯಲ್ ಇನ್ನೊಂದರದು, ರಿಸೀವರ್ ಈಗೀಗ ಹಾಕಿದ್ದು. ಪೂರಾ ಕಿಚಡಿ ಐತ್ರಿ ಇದು" ಎಂದು ತೀರ್ಪು ಕೊಟ್ಟುಬಿಡುತ್ತೇನೆ. ಅಜ್ಜನ ಕಾಲದ್ದೆಂದು ದಿನಾ ಒರೆಸಿ ಇಟ್ಟುಕೊಂಡಿದ್ದ ಮನೆಯವರ ಮುಖ ಸಣ್ಣದಾಗುತ್ತದೆ. ಚಹಾದ ಜೊತೆ ಬರಬೇಕಿದ್ದ ಚೂಡಾ ಒಳಗೇ ಉಳಿಯುತ್ತದೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಹಿಡಿದ ಈ ಹುಚ್ಚಿನಿಂದ ಧಾರವಾಡದಲ್ಲಿ ನಮ್ಮನ್ನು ಕರೆಯುವ ಮನೆಗಳು ಕಡಿಮೆಯಾಗಿವೆ ಎಂಬುದು ನನ್ನ ಹೆಂಡತಿಯ ದೂರು. ಸುಳ್ಳೇನಲ್ಲ.

ಗುರುತು ಹಿಡಿಯುವುದು ನಾನು ತೋರಿಸಿಕೊಳ್ಳುವಷ್ಟು ದೊಡ್ಡ ವಿದ್ಯೆಯಲ್ಲ. ಹಳೆಯ ಫೋನುಗಳ ಬೇಕಲೈಟ್ ಮೈ ಕೈಗೆ ಭಾರ, ಹೆಬ್ಬೆರಳಿನಿಂದ ತಿಕ್ಕಿದರೆ ಔಷಧಿಯಂಥ ಒಂದು ವಾಸನೆ ಬರುತ್ತದೆ. ಆಮೇಲಿನ ಪ್ಲಾಸ್ಟಿಕ್ ಹಗುರ, ವಾಸನೆಯಿಲ್ಲ. ವೈರಿನ ಮೇಲೆ ನೂಲಿನ ಹೆಣಿಕೆ ಇದ್ದರೆ ಹಳೆಯದು, ಸುರುಳಿ ಸುರುಳಿಯಾಗಿದ್ದರೆ ಈಚಿನದು. ಕೆಟ್ಟಾಗ ರಿಪೇರಿಗೆ ಬಂದವರು ಚೀಲದಲ್ಲಿ ಯಾವ ಭಾಗ ಇತ್ತೋ ಅದನ್ನೇ ಹಾಕಿ ಹೋಗುತ್ತಿದ್ದರು. ಹೀಗಾಗಿ ಮೈಯಿಂದ ವೈರಿನ ತನಕ ಒಂದೇ ಮನೆತನದ ಫೋನು ಸಿಗುವುದು ಅಪರೂಪ. ಕಿಚಡಿ ಎಂದು ಕಣ್ಣು ಮುಚ್ಚಿ ಹೇಳಿದರೂ ಹೆಚ್ಚಿನ ಸಲ ಸರಿಯೇ ಆಗುತ್ತದೆ. ಕಣ್ಣು ಮುಚ್ಚಿ ಹೇಳಿದರೆ ಗತ್ತು ಬರುವುದಿಲ್ಲ ಎಂದು ಭೂತಗನ್ನಡಿ ಹಿಡಿಯುತ್ತೇನೆ, ಅಷ್ಟೇ.

ಇಂಥ ನಾನು ಒಂದು ಕಿಚಡಿ ಫೋನನ್ನು ಬೇಕೆಂದೇ ಕಟ್ಟಲು ಹೊರಟೆ. ನಾನು ಚಿಕ್ಕವನಿದ್ದಾಗ ಹುಬ್ಬಳ್ಳಿಯ ನಮ್ಮ ಮನೆಯಲ್ಲಿದ್ದ ಫೋನು. ಮೈ ಕರಿಯದು, ರಿಸೀವರ್ ಮಾತ್ರ ಕೆನೆಬಣ್ಣದ್ದು. ಗೋಡೆಯ ಗೂಡಿನಲ್ಲಿ, ಕ್ರೋಶಾ ಹೆಣಿಕೆಯ ಮುಸುಕಿನಡಿ ಇರುತ್ತಿತ್ತು. ಆ ಫೋನು ಹಿಡಿದು ಅಪ್ಪ ತಲೆ ಹಿಂದಕ್ಕೆ ಚೆಲ್ಲಿ, ಹೊಟ್ಟೆ ಕುಣಿಸಿ ನಗುತ್ತಿದ್ದ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಹೋದ. ಉಳಿದ ಒಂದೇ ಫೋಟೋದಲ್ಲಿ ಅವನು ಬಿಗಿದುಕೊಂಡು ಕೂತಿದ್ದಾನೆ. ನಗುವ ಅಪ್ಪ ನನಗೆ ಸಿಗುವುದು ಆ ಫೋನಿನ ಹತ್ತಿರ ಮಾತ್ರ, ಅದೂ ಈಚೆಗೆ ಮಸುಕಾಗತೊಡಗಿತ್ತು. ಫೋನು ಕಣ್ಣೆದುರಿಗೆ ಇದ್ದರೆ ಆ ಮುಖವೂ ನಿಂತೀತು ಎಂಬ ಆಸೆ ನನಗೆ.

ಬೆಂಗೇರಿಯ ಒಂದು ಗುಜರಿ ಅಂಗಡಿಯಲ್ಲಿ ಕರಿ ಫೋನು ಸಿಕ್ಕಿತು. ನನ್ನ ಜೀವಮಾನದಲ್ಲಿ ಕೈಗೆ ಬಂದ ಮೊದಲ ಶುದ್ಧ ಫೋನು ಅದು, ಮೈ, ಡಯಲ್, ರಿಸೀವರ್ ಎಲ್ಲ ಒಂದೇ ಕಾರ್ಖಾನೆಯವು. ಅದರ ರಿಸೀವರನ್ನು ಅಲ್ಲೇ ಕಿತ್ತು, ಮೂಲೆಯ ರಾಶಿಯಿಂದ ಒಂದು ಬಿಳಿ ರಿಸೀವರ್ ಹೆಕ್ಕಿ ಜೋಡಿಸಿ ನೋಡಿದೆ. ಅಂಗಡಿಯವನು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ. ಬಿಳಿಯದು ಕೆನೆಬಣ್ಣಕ್ಕೆ ತಿರುಗಬೇಕಲ್ಲ, ಮನೆಗೆ ತಂದು ಚಹಾದ ಡಿಕಾಕ್ಷನ್ನಿನಲ್ಲಿ ಮುಳುಗಿಸಿದೆ. ಅಡುಗೆಮನೆಗೆ ಬಂದ ಹೆಂಡತಿ ಪಾತ್ರೆಯೊಳಗೆ ಇಣುಕಿ, "ರಿಸೀವರ್ ಕುದಸಾಕತ್ತೀರೇನ್ರಿ? ಸಕ್ರಿ ಹಾಕ್ರಿ ಮತ್ತ" ಎಂದಳು. ಆ ಪಾತ್ರೆಯಲ್ಲಿ ಆಕೆ ಮತ್ತೆ ಚಹಾ ಮಾಡಲಿಲ್ಲ.

ಅವ್ವನೂ ಹೋದ ಮೇಲೆ ಆ ಕಾಲ ಕಂಡವಳೆಂದರೆ ಗರಗದಲ್ಲಿರುವ ಅಕ್ಕ ಒಬ್ಬಳೇ. ಆಕೆ ನೋಡಿ ಹೌದೆಂದರೆ ಹೌದು. ಬಸ್ಸಿಳಿದು ಬಂದವಳಿಗೆ ಕಾಲು ತೊಳೆಯಲೂ ಬಿಡದೆ ಕುರ್ಚಿಯಲ್ಲಿ ಕೂಡಿಸಿ, ಫೋನಿನ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದೆ. ಅಕ್ಕ ಎರಡೂ ಕೈ ಕೆನ್ನೆಗಿಟ್ಟುಕೊಂಡು ನಕ್ಕಳು.

"ಅಯ್ಯ, ಎದುರಮನಿ ಕಾಕಾರ ಫೋನಲ್ಲೇನೋ ತಮ್ಮಾ! ಥೇಟ್ ಅದಽ ಐತಿ."

ನನ್ನ ಕೈಗೆಲಸಕ್ಕೆ ಪೂರ್ತಿ ಅಂಕ ಬಿದ್ದಿತ್ತು, ಮನೆ ಮಾತ್ರ ತಪ್ಪಿತ್ತು. "ಎದುರಮನಿದಲ್ಲ ಅಕ್ಕಾ, ನಮ್ಮನಿದು" ಎಂದೆ.

"ನಮ್ಮನ್ಯಾಗ ಫೋನ್ ಯಾವಾಗಿತ್ತೋ? ಕಾಕಾರ ನಂಬರ್ ಎಲ್ಲಾರಿಗೂ ಕೊಡತಿದ್ವಿ, ಪಿಪಿ ಅಂತ ಬರದು."

ಆಗ ಓಣಿಗೊಂದು ಫೋನಿದ್ದರೆ ಹೆಚ್ಚು. ಉಳಿದವರೆಲ್ಲ ಅದೇ ನಂಬರನ್ನು ತಮ್ಮದೆಂದು ಕೊಟ್ಟು, ಪಕ್ಕದಲ್ಲಿ 'ಪಿಪಿ' ಎಂದು ಬರೆಯುತ್ತಿದ್ದರು. ಫೋನು ನೆರೆಯವರದು, ನಮ್ಮನ್ನು ಕರೆಸಿ ಎಂದು ಅರ್ಥ. ಆ ನಂಬರ್ ನನಗೆ ಇಂದಿಗೂ ಬಾಯಿಪಾಠ. ಪಿಪಿಯನ್ನಷ್ಟೇ ನನ್ನ ತಲೆ ಯಾವಾಗಲೋ ಒರೆಸಿ ಹಾಕಿತ್ತು.

ಗೂಡು? ಕಾಕಾರ ಪಡಸಾಲೆಯದು. ಕ್ರೋಶಾ ಮುಸುಕು? ಅಕ್ಕನೇ ಹೆಣೆದು ಕಾಕಾರ ಹೆಂಡತಿ ಕಾಕುಗೆ ಕೊಟ್ಟದ್ದು. ಇಷ್ಟಾದರೂ ನನ್ನ ಹಟ ಬಿಡಲಿಲ್ಲ. "ಅಪ್ಪ ಅದನ್ನ ಹಿಡಕೊಂಡು ನಗತಿದ್ನಲ್ಲ, ಹೊಟ್ಟಿ ಕುಣಿಸಿ?"

ಅಕ್ಕನ ನಗು ನಿಂತಿತು. "ಅವರು ಕಾಕಾ ಅಲ್ಲೇನೋ. ಅಪ್ಪಗ ಹೊಟ್ಟಿ ಎಲ್ಲಿತ್ತು, ಕಡ್ಡಿ ಇದ್ದಂಗಿದ್ದ. ಅಪ್ಪ ಒಂದ್ ದಿನಾನೂ ಆ ಫೋನ್ ಕೈಯಾಗ ಹಿಡದಿಲ್ಲ. ಫೋನಂದ್ರ ಅಂಜತಿದ್ದ. ಮಾರಿ ಕಾಣದವ್ರ ಜೋಡಿ ಏನ್ ಮಾತಾಡೂದು ಅಂತಿದ್ದ."

ಊರವರ ಫೋನುಗಳನ್ನೆಲ್ಲ ಬೋರಲು ಹಾಕಿ ಜಂಭ ಕೊಚ್ಚಿದವನಿಗೆ ಸ್ವಂತ ನೆನಪಿನ ತಳ ನೋಡಬೇಕೆಂದು ಹೊಳೆದಿರಲಿಲ್ಲ. ನನ್ನ ಹತ್ತಿರ ಇದ್ದ ನಗುವ ಅಪ್ಪ ಎದುರುಮನೆಯವರಾಗಿದ್ದರು. ಅಳು ಬಂತು. ಭೂತಗನ್ನಡಿ ಒರೆಸುವ ನೆವದಲ್ಲಿ ತಲೆ ತಗ್ಗಿಸಿದೆ.

"ಹಂಗಾರ ಅಪ್ಪ ಎಲ್ಲಿರತಿದ್ದ?" ಎಂದು ಕೇಳಿದೆ.

"ನಿನ್ನ ಹಿಂದ" ಎಂದಳು ಅಕ್ಕ. "ಪುಣೆದಿಂದ ಮಾಮಾಂದು ಟ್ರಂಕ್ ಕಾಲ್ ಬಂದ್ರ ಕಾಕು ಕರದು ಕಳಸತಿದ್ರು. ಅಪ್ಪ ನಿನ್ನ ಸ್ಟೂಲ್ ಮ್ಯಾಲೆ ನಿಂದರಿಸಿ, ರಿಸೀವರ್ ನಿನ್ನ ಕೈಯಾಗ ಕೊಟ್ಟು, ಹಿಂದ ನಿಂತು ಕಿವ್ಯಾಗ ಒಂದೊಂದಽ ಮಾತು ಹೇಳಿಕೊಡತಿದ್ದ. ಅವ ಹೇಳಿದಂಗ ನೀ ಒದರೂದು. ಓಣಿ ತುಂಬ ಕೇಳಸತಿತ್ತು."

ನನಗೆ ಒಂದು ಮಾತೂ ನೆನಪಿಲ್ಲ. "ಏನಂತ ಒದರತಿದ್ದೆ ಅಕ್ಕಾ?"

"ಎಲ್ಲಾರೂ ಆರಾಮ ಅದೇವ್ರಿ ಮಾಮಾ, ಚಿಂತಿ ಮಾಡಬ್ಯಾಡ್ರಿ, ಅಂತ. ಆಮ್ಯಾಲೆ ಕಡೀಕ ದರ ಸಲ ಒಂದು ಇರತಿತ್ತು. 'ನಮ್ಮ ಹುಡುಗ ಭಾಳ ಶಾಣ್ಯಾ ಆಗ್ಯಾನ್ರಿ.' ಅಪ್ಪ ನಿನ್ನ ಬಗ್ಗೆ ಮಾಮಾಗ ಹೇಳಾಂವ, ಅದನ್ನೂ ನಿನ್ನ ಬಾಯಿಲೇನಽ ಹೇಳಸಾಂವ! ನೀ ಒಂದಕ್ಷರ ಬಿಡದಂಗ ಒದರತಿದ್ದಿ. ಕಾಕಾ ರಿಸೀವರ್ ಕಸಗೊಂಡು ಹೊಟ್ಟಿ ಕುಣಿಸಿ ನಗತಿದ್ದದ್ದು ಅದಕ್ಕಽ ನೋಡು."

"ಇನ್ನೊಮ್ಮೆ ಹೇಳು ಅಕ್ಕಾ" ಎಂದೆ.