ಒಣಗಬಾರದ ಕಟ್ಟಿಗೆ

ಮೊನ್ನೆ ಅಕ್ಕಿಆಲೂರಿನ ಬಸ್ಸು ನಮ್ಮೂರ ಹಳ್ಳದ ಸೇತುವೆಯ ಮೇಲೆ ಕೆಟ್ಟು ನಿಂತಿತು. ಕಿಟಕಿಯಿಂದ ಮೂಗು ಚಾಚಿದೆ, ಯಾವ ವಾಸನೆಯೂ ಬರಲಿಲ್ಲ. ನಗಬೇಡಿ. ನೀರೊಳಗೆ ಕೊಳೆಯುವ ಕಟ್ಟಿಗೆಗೆ ತನ್ನದೇ ತಣ್ಣಗಿನ ವಾಸನೆ ಇರುತ್ತದೆ, ಹೊಸ ಮಡಕೆಗೂ ಹಳೆಯ ಪುಸ್ತಕಕ್ಕೂ ನಡುವಿನದು. ಅದರ ಬೆನ್ನು ಹತ್ತಿಯೇ ನಾನು ಎಂ.ಎಸ್ಸಿ. ಮುಗಿಸಿದ್ದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಓಣಿಯಲ್ಲಿ ನನಗಿಂತ ಮೊದಲು ಕಾಲೇಜು ಕಂಡವರು ಗಂಡಸರಲ್ಲೂ ಇರಲಿಲ್ಲ. ಅವ್ವ ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ನನ್ನನ್ನು ಧಾರವಾಡಕ್ಕೆ ಕಳಿಸಿದ್ದಳು. ನಾನು ಅಲ್ಲಿ ಓದಿದ್ದು ಹಳ್ಳದ ಕಟ್ಟಿಗೆಗೆ ಹಿಡಿಯುವ ಬೂಷ್ಟು. ಮಗಳು ಏನು ಕಲಿಯುತ್ತಾಳೆ ಎಂದು ಯಾರಾದರೂ ಕೇಳಿದರೆ ಅವ್ವ ಮಾತು ಬದಲಿಸುತ್ತಿದ್ದಳು. ಹಿಂದೆ ಯಾರೂ ಕಾಣದ ಒಂದು ಬಗೆಯಾದರೂ ಸಿಗದೆ ಪ್ರಬಂಧ ತರಬೇಡ ಎಂದು ಗುರುಗಳು ಕಡ್ಡಿ ಮುರಿದಂತೆ ಹೇಳಿದ್ದರು.

ಊರ ಕೆಳಗಿನ ಮಡುವಿನಲ್ಲಿ ಬೇಸಿಗೆಯಲ್ಲೂ ಮೊಣಕಾಲುದ್ದ ತಣ್ಣೀರು. ಬಟ್ಟೆ ಒಗೆಯುವವರಿಲ್ಲ, ಎಮ್ಮೆ ಇಳಿಸುವವರಿಲ್ಲ. ಏಕೆಂದು ಕೇಳುವ ಬುದ್ಧಿಯನ್ನು ನನ್ನ ವಿದ್ಯೆ ಉಳಿಸಿರಲಿಲ್ಲ. ಇಳಿದು, ತೂತಿದ್ದ ಒಂದು ತುಂಡನ್ನು ಬಂಡಿಯದಿರಬೇಕೆಂದು ಎತ್ತಿ ತಂದೆ. ಡಬ್ಬಿಯಲ್ಲಿ ಒದ್ದೆ ಮರಳಿನ ಮೇಲಿಟ್ಟು ಮುಚ್ಚಿದೆ. ಮೂರು ವಾರಕ್ಕೆ ತೂತಿನ ಸುತ್ತ ಸಣ್ಣ ಕಪ್ಪು ಕೂದಲು ಎದ್ದು ನಿಂತವು. ಕಾಡಿ ಬೇಡಿ ತಂದಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಬೀಜಕಣಕ್ಕೂ ನಾಲ್ಕು ಚಾಚು, ಅಂಗಾತ ಮಲಗಿ ಕೈಕಾಲು ಬಿಟ್ಟ ಕೂಸಿನಂತೆ. ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಕುಣಿಯುವುದೊಂದು ಬಾಕಿ, ಅವ್ವನನ್ನು ಕರೆದು ತೋರಿಸಿದೆ.

ಅವ್ವ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಲಿಲ್ಲ. ಕಟ್ಟಿಗೆಯನ್ನೇ ನೋಡಿದಳು.

“ಇದನ್ನ ಎಲ್ಲಿಂದ ತಂದಿ?”

“ಮಡುವಿನಾಗಿಂದ. ಬಂಡಿದು ಇರಬೇಕು.”

“ಬಂಡಿದಲ್ಲ. ನಿಮ್ಮಣ್ಣನ ತೊಟ್ಟಲದ್ದು. ಸರಪಳಿ ಹಾಕೂ ತೂತು ಅದು, ನನಗ ಗುರ್ತು ಐತಿ.”

ನನಗೆ ಅಣ್ಣನಿದ್ದನೆಂಬುದೇ ಅಂದು ಗೊತ್ತಾಯಿತು. ನಮ್ಮೂರಲ್ಲಿ ಕೂಸು ಸತ್ತರೆ ಅದರ ತೊಟ್ಟಿಲನ್ನು ಬಿಚ್ಚಿ ಮಡುವಿನಲ್ಲಿ ಮುಳುಗಿಸುತ್ತಿದ್ದರಂತೆ. ಆಮೇಲೆ ಹೆತ್ತವರೂ ಸೇರಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಆ ಕಟ್ಟಿಗೆ ಒಣಗಿದರೆ ಸತ್ತ ಕೂಸಿನ ಬೆನ್ನಿಗೆ ಹುಟ್ಟಿದ ಕೂಸೂ ಉಳಿಯುವುದಿಲ್ಲವಂತೆ. ಬೆನ್ನಿಗೆ ಹುಟ್ಟಿದವಳು ನಾನು.

ಎಸೆದು ಬಾ ಎನ್ನುತ್ತಾಳೆ, ನನ್ನ ಡಿಗ್ರಿ ಮುಳುಗಿತು ಅಂದುಕೊಂಡೆ. ಅವ್ವ ಮರಳು ಒದ್ದೆಯಿದೆಯೇ ಎಂದು ಮುಟ್ಟಿ ನೋಡಿ, ಇನ್ನೆಷ್ಟು ದಿನ ಬೇಕು ಎಂದು ಕೇಳಿದಳು. ಒಂದು ತಿಂಗಳು ಎಂದೆ.

“ಇರಲಿ. ನೀರು ನಾ ಹಾಕ್ತೇನಿ. ನಿನ್ನ ಕೈಯಾಗ ಬ್ಯಾಡ.”

ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೀರು ಚಿಮುಕಿಸುತ್ತಿದ್ದಳು. ಒಳಗೆ ಏನೋ ಹೇಳಿ, ಉತ್ತರಕ್ಕೆ ಕಾದವಳಂತೆ ಕಿವಿ ಇಟ್ಟು, ಆಮೇಲೆ ಮುಚ್ಚುತ್ತಿದ್ದಳು. ಪ್ರಯೋಗಾಲಯದ ಯಾವ ಡಬ್ಬಿಯಲ್ಲೂ ಬೆಳೆಯದಷ್ಟು ಬಗೆ ಆ ಒಂದು ತುಂಡಿನ ಮೇಲೆ ಬೆಳೆದವು. ಅವಳು ಒಮ್ಮೆ ನಕ್ಕದ್ದನ್ನೂ ಕೇಳಿದ್ದೇನೆ. ಪ್ರಬಂಧದಲ್ಲಿ ಇದನ್ನೆಲ್ಲ ಬರೆಯಲಿಲ್ಲ. ಡಿಗ್ರಿ ಬಂತು. ಕಟ್ಟಿಗೆಯನ್ನು ಅವ್ವನೇ ಮಡುವಿಗಿಳಿದು ಕಲ್ಲಿನಡಿ ಒತ್ತಿಟ್ಟಳು.

ಹವಾಮಾನ ಬದಲಾಗುತ್ತಿದೆ, ತಣ್ಣೀರು ನಿಲ್ಲದಿದ್ದರೆ ಈ ಜೀವಗಳು ಹೆಸರಿಡುವ ಮೊದಲೇ ಹೋಗುತ್ತವೆ ಎಂದು ಆಮೇಲೆ ವರ್ಷಗಟ್ಟಲೆ ಪಾಠ ಹೇಳಿದೆ. ಹೇಳುವಾಗ ಎಂದೂ ಎದೆ ಹೊಡೆದುಕೊಂಡಿರಲಿಲ್ಲ.

ಮೊನ್ನೆ ಬಸ್ಸಿನಿಂದ ಇಳಿದು ಮಡುವಿಗೆ ಹೋದೆ. ಈಗ ಮಳೆ ಎರಡೇ ದಿನದಲ್ಲಿ ಸುರಿದು ಹರಿದುಹೋಗುತ್ತದೆ, ಮೇಲೆ ಬಿಸಿಲು. ಮಡು ಒಣಗಿ ಬಿರಿದಿತ್ತು. ಕೆಸರು ಕುಗ್ಗಿದಲ್ಲೆಲ್ಲ ಬಿಳಿಚಿದ ಕಟ್ಟಿಗೆಗಳು ಮೇಲೆದ್ದಿದ್ದವು, ಎಲ್ಲಕ್ಕೂ ತೂತು. ಒಂದೊಂದರ ಬೆನ್ನಿಗೂ ಒಬ್ಬೊಬ್ಬರು ಹುಟ್ಟಿದ್ದಾರೆ. ಶಿಗ್ಗಾಂವಿಯಲ್ಲೋ ಹಿರೇಕೆರೂರಿನಲ್ಲೋ ತಲೆ ನರೆತು, ಏನೂ ತಿಳಿಯದೆ ಚಹಾ ಕುಡಿಯುತ್ತಿರಬಹುದು.

ನಮ್ಮದು ಯಾವುದೆಂದು ಗುರುತು ಹತ್ತಲಿಲ್ಲ. ಅವ್ವನಿಲ್ಲ, ಕೇಳುವುದು ಯಾರನ್ನು? ಸೇತುವೆಯ ಮೇಲಿನಿಂದ ಕಂಡಕ್ಟರ್ ಕೂಗುತ್ತಿದ್ದ. ನಾನು, ಎಂ.ಎಸ್ಸಿ. ಓದಿದವಳು, ಕುಡಿಯುವ ನೀರಿನ ಬಾಟಲಿ ತೆರೆದು ಒಂದೊಂದಕ್ಕೂ ಒಂದೊಂದು ಗುಟುಕು ಹೊಯ್ಯುತ್ತ ಹೋದೆ. ಕೊನೆಯ ಮೂರಕ್ಕೆ ಬರುವಷ್ಟರಲ್ಲಿ ನೀರು ತೀರಿತು.