ಪರ್ರ್ ಎಂದು ಹರಿದದ್ದು

ಬೋರಲು ಮಲಗಿದ್ದವನು ಮಗ್ಗುಲಾಗಲು ಹೊರಟೆ, ಸೊಂಟದ ಕೆಳಗೆ ಪರ್ರ್ ಎಂದಿತು. ಬೆನ್ನುನೋವಿಗೆಂದು ನವನಗರದ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿದ್ದೆ. ದುರ್ಗದಬೈಲ್‌ನ ಅರಿವೆ ಅಂಗಡಿಯಲ್ಲಿ ದಿನವಿಡೀ ಬಟ್ಟೆ ಹರಿದು ಕೊಡುವವನು ನಾನು. ಸದ್ದು ಕೇಳಿಯೇ ಯಾವ ಬಟ್ಟೆ ಎಂದು ಹೇಳಬಲ್ಲೆನೆಂಬ ಜಂಬ ಬೇರೆ. ಹಾಗಾಗಿ ಅನುಮಾನವೇ ಬರಲಿಲ್ಲ, ಹರಿದದ್ದು ನನ್ನ ಪ್ಯಾಂಟೇ!

ಥೆರಪಿಸ್ಟ್ ಹುಡುಗಿ ಏಳಲು ಹೇಳಿದಳು. "ನಡಾ ಹಿಡ್ಕೊಂಡೈತಿ ನೋಡವಾ" ಎಂದು ಸೊಂಟ ಹಿಡಿದವನಂತೆ ಸುಳ್ಳೇ ನರಳಿದೆ, ಎದ್ದರೆ ಹರಿದದ್ದು ಕಾಣುತ್ತದಲ್ಲ! ಗಾಬರಿಯಾದ ಆಕೆ, ಹೊರಗೆ ಕೂತಿದ್ದ ನನ್ನ ಹೆಂಡತಿಯನ್ನು ಕರೆದಳು. ಇಬ್ಬರೂ ರಟ್ಟೆ ಹಿಡಿದು ಎಬ್ಬಿಸಿದರು. ನಾನು ಎರಡೂ ಕೈ ಹಿಂದೆ ಒತ್ತಿಕೊಂಡು ಗೋಡೆಗೆ ಆತು ನಿಂತೆ. ತಡವಿ ನೋಡಿದರೆ ಪ್ಯಾಂಟು ನೆಟ್ಟಗಿದೆ! ಮಂಚದ ಮೇಲಿನ, ಕಾಗದದಂಥ ನೀಲಿ ಹಾಸು ಉದ್ದಕ್ಕೂ ಸೀಳಿದೆ.

ಹುಡುಗಿ ಅದನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿದಳು. "ಹಾಸು ಒಬ್ಬರಿಗೊಂದ್ರಿ ಕಾಕಾ, ಹರದ್ರ ಹರೀಲಿ ಬಿಡ್ರಿ. ಮೊದಲ ನಿಮ್ಮ ನಡಾ ನೋಡೂಣು."

ಪ್ಯಾಂಟಿನ ಮರ್ಯಾದೆ ಉಳಿಯಿತು. ಆದರೆ ಹಿಡಿಯದ ನಡಕ್ಕೆ ಇನ್ನೊಂದು ವಾರ ಚಿಕಿತ್ಸೆ ಗಂಟುಬಿತ್ತು. ನಿಜ ಹೇಳುವ ಧೈರ್ಯವಿಲ್ಲದೆ ದಿನಾ ಹೋಗಿ, ಹೊಸ ನೀಲಿ ಹಾಸಿನ ಮೇಲೆ ಕಟ್ಟಿಗೆಯಂತೆ ಮಲಗುತ್ತಿದ್ದೇನೆ. ಈಗ ನಡ ಖರೇನೇ ಹಿಡಿಯತೊಡಗಿದೆ.