ಕೆಂಪು ದಾರದ ಉಂಡೆ

ಮೊನ್ನೆ ಟ್ರಂಕಿನ ತಳ ಕೆದಕುವಾಗ ಹಳೆಯ ಬಿಸ್ಕೀಟಿನ ಡಬ್ಬಿ ಸಿಕ್ಕಿತು. ಒಳಗೆ ಅವ್ವನ ಚಿಮಟ, ಕೆಂಪು ಉಣ್ಣೆ ದಾರದ ಒಂದು ಪುಟ್ಟ ಉಂಡೆ. ನೋಡಿದ ಕೂಡಲೇ ಅವ್ವ ನೆನಪಾಗಬೇಕಿತ್ತು. ಆದರೆ ಮೊದಲು ನೆನಪಾದವರು ನಮ್ಮ ಮೇಸ್ತ್ರಿ ಅಕ್ಕ...

ಮದುವೆಗೆ ಮುಂಚೆ ನಾನು ಅವ್ವನ ಜೊತೆ ಹಲಗೇರಿ ಕಡೆಯ ಬೀಜದ ಹೊಲಗಳಿಗೆ ಬೆಂಡೆ ಕ್ರಾಸಿಂಗಿಗೆ, ಅಂದರೆ ಹೈಬ್ರಿಡ್ ಬೀಜಕ್ಕಾಗಿ ಹೂವು ಕೂಡಿಸುವ ಕೂಲಿಗೆ ಹೋಗುತ್ತಿದ್ದೆ. ನಾಳೆ ಅರಳುವ ಮೊಗ್ಗಿನ ಕೇಸರವನ್ನು ಸಂಜೆಯೇ ಚಿಮಟದಿಂದ ತೆಗೆದು ಕಾಗದ ಮುಚ್ಚಬೇಕು. ಬೆಳಿಗ್ಗೆ ಗಂಡು ಹೂವು ತಾಗಿಸಿ ತೊಟ್ಟಿಗೆ ಗುರುತಿನ ದಾರ ಕಟ್ಟಬೇಕು. ಕೇಸರ ತೆಗೆಯದ ಹೂವಿಗೆ ಸುಮ್ಮನೆ ದಾರ ಕಟ್ಟುವುದೆಂದರೆ ನಮ್ಮಲ್ಲಿ ಕಳ್ಳತನವೇ. ಯಾರಿಗೆ ಯಾವ ಸಾಲು ಎಂದು ಹಂಚುತ್ತಿದ್ದವರು ಮೇಸ್ತ್ರಿ ಅಕ್ಕ. ಅವರು ಕ್ರೈಸ್ತರು. ರವಿವಾರ ಬೆಳಗಿನ ಹೂವು ಮುಗಿಸಿ, ಸೀರೆ ಬದಲಿಸಿ ಚರ್ಚಿಗೆ ಓಡುತ್ತಿದ್ದರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಒಂದು ದಿನ ಒಂದು ಸಾಲಿನ ತುಂಬ ಅಂಥ ಸುಳ್ಳು ದಾರಗಳು ಸಿಕ್ಕವು. ಅಕ್ಕ ಎಲ್ಲರೆದುರು ಅವ್ವನ ಮೇಲೆ ಹಾರಿಹಾಯ್ದರು.

“ಇಷ್ಟ ವಯಸ್ಸಾತು, ನಾಚಿಕಿ ಇಲ್ಲೇನ ನಿನಗ?”

“ಅದು ನನ್ನ ಸಾಲಲ್ಲ,” ಎಂದಳು ಅವ್ವ.

“ಮ್ಯಾಲ ಸುಳ್ಳ ಬ್ಯಾರೆ!”

ಅವ್ವ ದಾರದ ಉಂಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ನಡೆದುಬಿಟ್ಟಳು. ನಾನು ತಲೆ ಎತ್ತದೆ ಕೆಲಸ ಮುಂದುವರಿಸಿದೆ. ಅಷ್ಟೇ ಆಗಿದ್ದರೆ ಸಂಕಟವಿರಲಿಲ್ಲ. ಸಂಜೆ ಮನೆಗೆ ಬಂದವಳು, “ಖರೇನ ಅವ್ವಾ?” ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ, ಚಿಮಟ, ದಾರದ ಉಂಡೆ ಎರಡನ್ನೂ ಡಬ್ಬಿಗೆ ಹಾಕಿ ಮುಚ್ಚಿದಳು... ಮತ್ತೆ ಹೊಲದ ಕಡೆ ಕಾಲಿಡಲಿಲ್ಲ. ಮರುವರ್ಷ ಜ್ವರದಲ್ಲಿ ತೀರಿಕೊಂಡಳು.

ಅವ್ವ ಹೋಗಿ ತಿಂಗಳಾದ ಮೇಲೆ ಅಕ್ಕ ನಮ್ಮ ಬಾಗಿಲಿಗೆ ಬಂದು ನಿಂತರು. ಆ ಘಟನೆಯ ಹಿಂದಿನ ಸಂಜೆ ಅವರೇ ಅವ್ವನ ಸಾಲನ್ನು ಹೊಸಬಳೊಬ್ಬಳಿಗೆ ಕೊಟ್ಟು, ಅವ್ವನನ್ನು ಬೇರೆ ಸಾಲಿಗೆ ಕಳಿಸಿದ್ದರಂತೆ. ಬೈಯುವಾಗ ಅದು ಮರೆತೇಹೋಗಿತ್ತು. ಎರಡು ದಿನಕ್ಕೆ ನೆನಪಾಯಿತು, ಆದರೆ ಮೇಸ್ತ್ರಿಯ ಬಿಂಕ ಬಾಯಿ ಬಿಡಗೊಡಲಿಲ್ಲ. ಅಂದಿನಿಂದ ಚರ್ಚಿನಲ್ಲಿ ತಿಂಗಳಿಗೊಮ್ಮೆ ಕೊಡುವ ರೊಟ್ಟಿ, ದ್ರಾಕ್ಷಾರಸವನ್ನು ಅವರು ಮುಟ್ಟಿರಲಿಲ್ಲ. ತಾವು ನೋಯಿಸಿದವರ ಜೊತೆ ರಾಜಿಯಾಗದೆ ಅದನ್ನು ತೆಗೆದುಕೊಳ್ಳಬಾರದೆಂಬುದು ಅವರ ನಂಬಿಕೆ.

“ದೇವರು ಕ್ಷಮಿಸ್ಯಾನ ಅಂತಾರ ಪಾದ್ರಿಗಳು,” ಎಂದರು.

ನನಗೆ ಮೈಯೆಲ್ಲ ಉರಿಯಿತು. “ಬೈಸ್ಕೊಂಡಾಕಿ ನಮ್ಮವ್ವ. ನಿಮ್ಮ ದೇವರು ಹೆಂಗ ಕ್ಷಮಿಸ್ತಾನ್ರಿ?”

“ಅದಕ್ಕ ನಿನ್ನ ಕಡೆ ಬಂದೇನಿ, ತಂಗಿ.”

ನಾನು ಬಾಗಿಲು ಹಾಕಿಕೊಂಡೆ.

ಮುಂದಿನ ಹಂಗಾಮಿನ ಮೊದಲ ಸಂಜೆ, ಯಾರೂ ಮೊಗ್ಗು ಮುಟ್ಟುವ ಮೊದಲೇ, ಅಕ್ಕ ಅದೇ ಹೊಲದ ಬದುವಿನ ಮೇಲೆ ನಿಂತರು. ಅವ್ವನ ಹೆಸರು ಹಿಡಿದು ಹೇಳಿ, “ಆಕೀದು ತಪ್ಪಿದ್ದಿಲ್ಲ. ಸಾಲು ಬದಲ ಮಾಡಿದಾಕಿ ನಾನು,” ಎಂದರು. ನಾನು ಗೆದ್ದೆನೆಂದು ಬೀಗಬೇಕಿತ್ತು. ಬದಲಿಗೆ ದುಃಖ ಒತ್ತರಿಸಿ ಬಂತು. ಅಕ್ಕನಿಗೆ ಸಾಲು ಮರೆತಿತ್ತು, ಸರಿ. ನನಗೆ ನನ್ನ ಅವ್ವ ಎಂಥವಳೆಂಬುದೇ ಮರೆತಿತ್ತಲ್ಲ!

ಅವರ ಹತ್ತಿರ ಹೋಗಿ, “ನಾನೂ ಅವ್ವನ್ನ ನಂಬಲಿಲ್ರಿ ಅಕ್ಕಾರ...” ಎಂದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಅವರು ನನ್ನನ್ನು ತಬ್ಬಿಕೊಂಡರು. “ಇಬ್ರೂ ನಮ್ಮ ತಪ್ಪಿನ ಭಾರಾನ ಯೇಸುಸ್ವಾಮಿ ಪಾದದ ಮ್ಯಾಲ ಇಟ್ಟುಬಿಡೂಣು, ಯವ್ವಾ. ಇಟ್ಟಿದ್ದನ್ನ ತಿರುಗಿ ಎತ್ಕೊಂಡು ಬರೂದು ಬ್ಯಾಡ.”

ಅವರ ಸ್ವಾಮಿಯನ್ನು ನಾನು ಅರಿಯೆ. ಆದರೆ ಅವರ ಹೆಗಲ ಮೇಲೆ ಅತ್ತು ಹಗುರಾದದ್ದು ಖರೆ. ಮೂಗು ಒರೆಸಿಕೊಂಡು, “ಈ ರವಿವಾರ ರೊಟ್ಟಿ ತಗೋರಿ ಅಕ್ಕಾರ,” ಎಂದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಸಾಲು ಹಂಚಲು ಹೊರಟರು.

ಹೋದ ವರ್ಷ ಅಕ್ಕ ತೀರಿಕೊಂಡರು. ಮಣ್ಣಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ. ಅವ್ವನಿಗೆ ಹೇಳಬೇಕಾದದ್ದನ್ನು ಅಕ್ಕನಿಗಾದರೂ ಹೇಳಿಕೊಂಡಿದ್ದೆ. ‘ನೀವು ಅಂದು ಬದುವಿನ ಮೇಲೆ ನಿಲ್ಲದಿದ್ದರೆ ನನ್ನ ಅವ್ವ ನನಗೆ ಮರಳಿ ಸಿಗುತ್ತಿರಲಿಲ್ಲ’ ಎಂಬ ಮಾತನ್ನು ಮಾತ್ರ ಅಕ್ಕನಿಗೂ ಹೇಳಲಾಗಲಿಲ್ಲ...

ಡಬ್ಬಿ ಹಿಡಿದು ಕೂತವಳನ್ನು ಕಂಡು ಮಗಳು ಉಂಡೆಯನ್ನು ಎತ್ತಿಕೊಂಡಳು. “ಚಂದ ಐತಿ. ಜಡಿಗೆ ಕಟ್ಕೊಳ್ಳಲೇನವ್ವಾ?”

ಅರೆಗಳಿಗೆ ನನ್ನ ಕೈ ತಡೆಯಲು ಮುಂದಾಯಿತು. ಆಮೇಲೆ, “ಕಟ್ಕೋ,” ಎಂದೆ.

ಅವಳು ಎರಡೂ ಜಡೆಗೆ ಕಟ್ಟಿಕೊಂಡು ಶಾಲೆಗೆ ಓಡಿದಳು. ಡಬ್ಬಿಯಲ್ಲಿ ಈಗ ಅವ್ವನ ಚಿಮಟ ಮಾತ್ರ ಇದೆ.